ಐದನೆಯ ಸೆಲ್ಲು

ಗದಗ, ಒಳಊರು
ಕ್ರಿ.ಶ. ೨೨೪೩, ಉರಿಮಾಸದ ನಲವತ್ತೊಂದನೆಯ ದಿನ

ಪೂಜ್ಯ ಮುತ್ತಜ್ಜ ಮೌನೇಶಪ್ಪ ಬಡಿಗೇರ ಅವರಿಗೆ ನಿಮ್ಮ ಏಳನೆಯ ತಲೆಮಾರಿನ ಈರವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗೋಡೆಯ ಕ್ಯಾಲೆಂಡರ್ ತಿರುವಬೇಡಿ. ಬೇಸಿಗೆ ಹಿಗ್ಗುತ್ತ ಬಂದದ್ದರಿಂದ ಉಳಿದ ತಿಂಗಳುಗಳ ದಿನಗಳನ್ನು ಕಿತ್ತು ಈ ಹದಿಮೂರನೆಯ ತಿಂಗಳನ್ನು ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆಯೋ ನನಗೂ ತಿಳಿಯದು. ಬರೆಯದೆ ಇರಲಾಗಲಿಲ್ಲ, ಅಷ್ಟೆ.

ಉರಿಮಾಸದಲ್ಲಿ ನಾವು ನೆಲದ ಮೇಲೆ ಇರುವುದಿಲ್ಲ. ನಿಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ನೆಲದಡಿಯ ಹಗೇವುಗಳನ್ನು ಅಗಲ ಮಾಡಿ, ಮನೆಗೊಂದರಂತೆ ಕೋಣೆ ಕಟ್ಟಿಕೊಂಡು ಕೆಳಗೆ ಇಳಿಯುತ್ತೇವೆ. ಅದೇ ಒಳಊರು. ಬಾಯಿಗೆ ಕಬ್ಬಿಣದ ಸರಳುಗಳ ಮುಚ್ಚಳ, ಅದರ ಮೇಲೆ ಮಣ್ಣು, ಪಕ್ಕದಲ್ಲೊಂದು ಗಾಳಿಕೊಳವೆ. ಕಟಿರೊಟ್ಟಿಯನ್ನು ಮೊದಲೇ ಬಡಿದು ಒಣಗಿಸಿ ಒಯ್ಯುತ್ತೇವೆ, ಏಕೆಂದರೆ ಒಳಗೆ ಒಲೆ ಹಚ್ಚುವಂತಿಲ್ಲ. ಮಕ್ಕಳು ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಕ್ಷರ ತೀಡುತ್ತಾರೆ, ದೊಡ್ಡವರು ಸೆಕೆಗೆ ಒಬ್ಬರನ್ನೊಬ್ಬರು ಬೈಯುತ್ತಾರೆ. ಹೊಸ ಡ್ರಿಲ್ಲು, ಕಟರುಗಳನ್ನು ಈಗ ಯಾರೂ ಮಾಡುವುದಿಲ್ಲ. ನಿಮ್ಮ ಕಾಲದ ಯಂತ್ರಗಳನ್ನೇ ರಿಪೇರಿ ಮಾಡಿಕೊಂಡು ನಡೆಸಿದ್ದೇವೆ. ಸೆಲ್ಲುಗಳನ್ನು ಮಾತ್ರ ಹುಬ್ಬಳ್ಳಿಯಲ್ಲಿ ಹಳೆಯ ಅಳತೆಗೇ ಮಾಡಿಕೊಡುತ್ತಾರೆ. ಸತ್ತ ಬ್ಯಾಟರಿ ಪ್ಯಾಕ್ ಬಿಚ್ಚಿ, ನಿಕಲ್ ಪಟ್ಟಿ ಕಿತ್ತು, ಹೊಸ ಸೆಲ್ಲು ಕೂರಿಸಿ ವೆಲ್ಡ್ ಮಾಡುವುದು ನಮ್ಮ ಮನೆತನದ ಕೆಲಸ. ನೀವು ಹಾಕಿಕೊಟ್ಟದ್ದು.

ಒಂದು ಪ್ಯಾಕಿಗೆ ಐದು ಸೆಲ್ಲು. ನಾವು ನಾಲ್ಕು ಹೊಸದು ಹಾಕಿ, ಹಳೆಯದರಲ್ಲಿ ಒಂದನ್ನು ಉಳಿಸಿ, ಅದಕ್ಕೆ ಕುಂಕುಮ ಹಚ್ಚುತ್ತೇವೆ. ಅದನ್ನು ಹಿರೀಕ ಎನ್ನುತ್ತೇವೆ. ನಿಮ್ಮ ಅಂಗಡಿಯ ಕಪಾಟಿನಲ್ಲಿ ಉಳಿದಿದ್ದ ಪ್ಯಾಕನ್ನು ನಿಮ್ಮ ಮೊಮ್ಮಗಳು ಬಿಚ್ಚಿದಾಗ ಅದರೊಳಗೆ ನಾಲ್ಕು ಹೊಸದರ ಜೊತೆ ಒಂದು ಹಳೆಯದು ಇತ್ತಂತೆ. ಅಜ್ಜ ಸುಮ್ಮನೆ ಮಾಡಿರಲಿಕ್ಕಿಲ್ಲ ಎಂದು ಆಕೆಯೂ ಹಾಗೆ ಮಾಡಿದಳು, ಆಮೇಲೆ ಎಲ್ಲರೂ. ನಮ್ಮ ಯಂತ್ರಗಳು ಕೆಲಸದ ನಡುವೆ ಗಕ್ಕನೆ ನಿಲ್ಲುತ್ತಿದ್ದವು. ಯಂತ್ರಕ್ಕೂ ದಣಿವಾಗುತ್ತದೆ ಎಂದು ನಾವು ಚಾ ಕುಡಿಯಲು ಕೂರುತ್ತಿದ್ದೆವು. ಎಂಥ ಜಾಣರು!

ಈ ತಿಂಗಳ ಒಂಬತ್ತನೆಯ ದಿನ ನಮ್ಮ ಹಗೇವಿನ ಬಾಯಿ ಕುಸಿಯಿತು. ಮುಚ್ಚಳ ಡೊಂಕಾಗಿ ಸಿಕ್ಕಿಕೊಂಡಿತು, ಗಾಳಿಕೊಳವೆ ಮಣ್ಣಿನಿಂದ ಮುಚ್ಚಿಹೋಯಿತು. ಒಳಗೆ ನನ್ನ ತಂಗಿ ದ್ಯಾಮವ್ವ ಒಬ್ಬಳೇ ಇದ್ದಳು. ಹತ್ತೊಂಬತ್ತು ವರ್ಷ. ಪಕ್ಕದ ಹಗೇವಿಗೆ ಹೋಗಿದ್ದ ನಾನು ಮೇಲೆ ಓಡಿ ಬಂದೆ. ಹಿಂದಿನ ವಾರವಷ್ಟೇ ನಾನೇ ಸೆಲ್ಲು ಬದಲಿಸಿದ್ದ ಕಟರು ನನ್ನ ಕೈಯಲ್ಲಿತ್ತು. ಕೊಯ್ಯಬೇಕಾದದ್ದು ಆರು ಸರಳು. ಮೂರು ಕೊಯ್ದೆ. ನಾಲ್ಕನೆಯದರ ಅರ್ಧಕ್ಕೆ ಕಟರು ನಿಂತಿತು.

"ಅಕ್ಕಾ, ಯಾಕ ನಿಂತಿ? ಕೊಯ್ಯಿ" ಎಂದಳು. ಅವಳ ದನಿ ಹತ್ತಿರದಲ್ಲೇ ಇತ್ತು.

ಇನ್ನೊಂದು ಪ್ಯಾಕ್ ತರಲು ಓಡಿದವರು ಬರುವಷ್ಟರಲ್ಲಿ ಅವಳು ಮಾತು ನಿಲ್ಲಿಸಿದ್ದಳು.

ಮೂರು ದಿನದ ಮೇಲೆ ಆ ಪ್ಯಾಕ್ ಬಿಚ್ಚಿದೆ. ನಾಲ್ಕು ಹೊಸ ಸೆಲ್ಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇನ್ನೂ ಉಳಿದಿತ್ತು. ಹಿರೀಕ ಒಂದೇ ಬರಿದಾಗಿತ್ತು. ಒಂದು ಬರಿದಾದರೆ ಪ್ಯಾಕಿನ ಸರ್ಕ್ಯೂಟು ಐದನ್ನೂ ನಿಲ್ಲಿಸಿಬಿಡುತ್ತದೆ. ಕೂರಿಸುವ ಮುಂಚೆ ಮೀಟರ್ ಹಿಡಿದಿದ್ದೆ, ಹಳೆಯದೂ ಹೊಸದರಷ್ಟೇ ವೋಲ್ಟೇಜ್ ತೋರಿಸಿತ್ತು. ಅದು ಎಷ್ಟು ಹೊತ್ತು ತಾಳುತ್ತದೆ ಎಂದು ನೋಡಲಿಲ್ಲ. ಐದನೆಯ ಹೊಸ ಸೆಲ್ಲು ನನ್ನ ಕೈಯಲ್ಲೇ ಇತ್ತು, ಮುತ್ತಜ್ಜ. ಅದನ್ನು ಡಬ್ಬಿಗೆ ವಾಪಸು ಹಾಕಿ ಕುಂಕುಮದ ಬಟ್ಟಲು ತೆಗೆದೆ. ಈ ಕೈಯನ್ನು ಏನು ಮಾಡಲಿ?

ನಿಮ್ಮ ಮೇಲೆ ಸಿಟ್ಟು ನೆತ್ತಿಗೇರಿತ್ತು. ಇಂಥ ಪದ್ಧತಿಯನ್ನು ಯಾಕೆ ಹಾಕಿಕೊಟ್ಟಿರೋ ನಿಮ್ಮ ದನಿಯಲ್ಲೇ ಕೇಳಿಬಿಡುತ್ತೇನೆ ಎಂದು, ಬಿಸಿಲಿಳಿದ ಮೇಲೆ ಸದ್ದುಮನೆಗೆ ಹೋದೆ. ಹಳೆಯ ಮೊಬೈಲುಗಳಲ್ಲಿ ಉಳಿದ ದನಿಗಳನ್ನು ಜೋಪಾನ ಮಾಡಿದ ಮನೆ ಅದು. ಗಿರಾಕಿಯೊಬ್ಬರಿಗೆ ನೀವು ಕಳಿಸಿದ ವಾಯ್ಸ್ ಮೆಸೇಜ್ ಒಂದು ಸಿಕ್ಕಿತು.

"ಶಿದ್ರಾಮಣ್ಣಾರ, ಐದ ಸೆಲ್ ತರಿಸಿದ್ನಿ, ಅದರಾಗ ಒಂದ ಸತ್ತದ್ದ ಬಂದೈತ್ರಿ. ಸದ್ಯಕ್ಕ ಹಳೇದರಾಗ ಛಲೋ ಇದ್ದದ್ದೊಂದ ಹಾಕಿ ಮುಚ್ಚೇನಿ. ಭಾರಿ ಕೆಲಸಕ್ಕ ಹಚ್ಚಬ್ಯಾಡ್ರಿ. ಮುಂದಿನ ವಾರ ಹೊಸಾದ ಬಂದ ಕೂಡ್ಲೆ ಬದ್ಲಿ ಮಾಡಿ ಕೊಡ್ತೀನ್ರಿ."

ಶಿದ್ರಾಮಣ್ಣ ಪ್ಯಾಕ್ ಒಯ್ಯಲು ಬರಲೇ ಇಲ್ಲವೆಂದು ಕಾಣುತ್ತದೆ. ನೀವೂ ಮರೆತಿರಿ. ಮರೆಯುವುದು ತಪ್ಪೇನಲ್ಲ. ಕೇಳದೆ ತಲೆಯ ಮೇಲೆ ಹೊತ್ತವರು ನಾವು, ಅದರಲ್ಲಿ ಕೊನೆಯವಳು ನಾನು. ನಿಮ್ಮ ದನಿ ಎಷ್ಟು ಮೆತ್ತಗಿದೆ! ಅಷ್ಟು ದೂರ ಹೊತ್ತುಕೊಂಡು ಹೋಗಿದ್ದ ಸಿಟ್ಟನ್ನು ಇಳಿಸಲು ಜಾಗವಿಲ್ಲದೆ ಅಲ್ಲೇ ಅತ್ತೆ.

ಹಳೆಯ ಸೆಲ್ಲು ಹಾಕಲೇಬೇಡಿ ಎಂದು ನಾನು ಕೇಳುವುದಿಲ್ಲ. ಗಿರಾಕಿಗೆ ಅವಸರ, ಹೊಸದು ಇಲ್ಲ, ನೀವಾದರೂ ಏನು ಮಾಡುತ್ತೀರಿ? ಮುಚ್ಚಳದ ಸ್ಕ್ರೂ ಬಿಗಿಯುವ ಮುಂಚೆ ಒಳಬದಿಯಲ್ಲಿ ಒಂದೇ ಸಾಲು ಬರೆಯಿರಿ: ಒಂದು ಸೆಲ್ಲು ಕಡಿಮೆ ಬಿತ್ತು, ಸಿಕ್ಕ ಕೂಡಲೇ ಹಳೆಯದನ್ನು ತೆಗೆಯಿರಿ. ನೀವು ಮರೆತರೂ ನಿಮ್ಮ ಮೊಮ್ಮಗಳು ಓದುತ್ತಾಳೆ. ಅಂಗಡಿಯಲ್ಲಿ ಪೆನ್ನು ಇರದಿದ್ದರೆ ಪಕ್ಕದ ಅಂಗಡಿಯಲ್ಲಿ ಕೇಳಿ ತನ್ನಿ. ದ್ಯಾಮವ್ವ ಹುಟ್ಟಲು ಇನ್ನೂ ಇನ್ನೂರು ವರ್ಷವಿದೆ, ನಿಮಗೆ ಸಮಯವಿದೆ.

ನಿಮ್ಮ
ಈರವ್ವ