ನಾಡಿಯಿಲ್ಲದ ಮಂಜುಗಡ್ಡೆ ಮೇಸ್ತ್ರಿ

ಅಫ್ಕೆ ಅಕ್ಕನಿಗೆ, ನಿನ್ನ ಬೈಗುಳ ತಿಂದೇ ಬದುಕಿರುವ ತಮ್ಮ ಹಿಲ್ಕೆಯ ನಮಸ್ಕಾರ.

ಸೊಂಟ ಮುರಿದುಕೊಂಡು ಲೀವಾರ್ಡನ್ ಪಟ್ಟಣದ ಆರೈಕೆ ಮನೆಯಲ್ಲಿ ಕೂತಿರುವ ನಿನಗೆ ಊರ ಸುದ್ದಿ ಬೇರೆ ಬಾಯಿಂದ ಮುಟ್ಟುವ ಮೊದಲೇ ನಾನು ಹೇಳಿಬಿಡಬೇಕು. ಇವತ್ತು ಬೆಳಿಗ್ಗೆ ಹೆಪ್ಪುಗಟ್ಟಿದ ನಮ್ಮ ಕಾಲುವೆಯನ್ನು ಜನರ ಸ್ಕೇಟಿಂಗಿಗೆ ಬಿಟ್ಟಾಯಿತು. ಬಿಟ್ಟವನು ನಾನೇ.

ಹೋದ ಚಳಿಗಾಲ ನಾನಿದ್ದ ಸ್ಥಿತಿ ನಿನಗೆ ಗೊತ್ತು. ಹೃದಯ ಸೋತು, ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಏದುಸಿರು. ಎದೆಯೊಳಗೆ ಪುಟ್ಟ ಪಂಪು ಕೂರಿಸುತ್ತೇವೆ, ಹೃದಯ ಮಾಡಲಾಗದ್ದನ್ನು ಅದು ಮಾಡುತ್ತದೆ ಎಂದರು ಡಾಕ್ಟರು. ಹೊಟ್ಟೆಯಿಂದ ಹೊರಗೊಂದು ತಂತಿ, ಅದರ ತುದಿಗೆ ಬ್ಯಾಟರಿ. ನಾನು ಬೇಡವೆಂದೆ. ಇಷ್ಟು ವರ್ಷ ನನ್ನ ಜೊತೆ ಏಗಿದ ಹೆಂಡತಿ ರಿನ್ಸ್ಕೆ ಅತ್ತಳು. ನೀನು ಕೋಟನ್ನೂ ಬಿಚ್ಚದೆ ಮಂಚದ ಪಕ್ಕ ನಿಂತು ಶುರುಮಾಡಿದೆ.

"ಪಂಪು ಅಂದ್ರೆ ನಿಂಗೆ ನಾಚ್ಕೆನೇನೋ? ಜೀವಮಾನವೆಲ್ಲ ಪಂಪ್‌ಹೌಸಲ್ಲಿ ಸಂಬಳ ತಿಂದೋನು ನೀನು. ಅದು ಎರಡು ದಿನ ನಿಂತ್ರೆ ನಮ್ಮ ಅಡುಗೆಮನೆಗೆ ಮೀನು ಬರುತ್ತೆ. ಸಮುದ್ರಕ್ಕಿಂತ ತಗ್ಗಲ್ಲಿರೋ ಈ ಊರೇ ಪಂಪಿನ ಮೇಲೆ ಬದುಕಿರೋವಾಗ ನಿನ್ನ ಎದೆ ಯಾವ ಮಹಾರಾಜಂದೋ?"

ಒಪ್ಪಿಕೊಂಡೆ. ಬದುಕುವ ಆಸೆಗಿಂತ ನಿನ್ನ ಬಾಯಿಗೆ ಹೆದರಿ ಒಪ್ಪಿದ್ದು. ಈ ಪಂಪು ಬಡಿಯುವುದಿಲ್ಲ, ಒಂದೇ ಸಮನೆ ಹರಿಸುತ್ತದೆ, ಹಾಗಾಗಿ ಕೈಗೆ ನಾಡಿ ಸಿಗುವುದಿಲ್ಲ. ಅದು ಗೊತ್ತಿಲ್ಲದ ನೀನು ಆಪರೇಷನ್ ಮುಗಿದ ಮೇಲೆ ನನ್ನ ಮಣಿಕಟ್ಟು ಹಿಡಿದು ನೋಡಿ, "ಅಯ್ಯೋ, ಹೋಗ್ಬಿಟ್ಟ" ಎಂದು ನರ್ಸುಗಳನ್ನೆಲ್ಲ ಓಡಿಸಿದ್ದನ್ನು ಊರಲ್ಲಿ ಇನ್ನೂ ಹೇಳಿಕೊಂಡು ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವನು ನಾನು.

ಆದರೆ ನೀರಿಗೆ ಮಾತ್ರ ಇಳಿಯಕೂಡದು. ಬ್ಯಾಟರಿ ನೆನೆದರೆ ನನ್ನ ಕಥೆ ಮುಗಿದಂತೆ. ಮಂಜುಗಡ್ಡೆ ಮೇಸ್ತ್ರಿ ಗಡ್ಡೆಯ ಗಟ್ಟಿತನ ಪರೀಕ್ಷಿಸುತ್ತಾ ಒಬ್ಬನೇ ಕಾಲುವೆಯ ತುದಿ ಮುಟ್ಟಿ ಬರುವವರೆಗೆ ನಮ್ಮೂರಲ್ಲಿ ಯಾರೂ ಗಡ್ಡೆಯ ಮೇಲೆ ಕಾಲಿಡುವುದಿಲ್ಲ. ಅಪ್ಪನ ನಂತರ ಆ ಕೆಲಸ ನನ್ನದು. ಈ ಸಲ ಕಾಲುವೆ ಹೆಪ್ಪುಗಟ್ಟುತ್ತಿದ್ದಂತೆ ಸ್ಕೇಟಿಂಗ್ ಸಂಘದ ಅಧ್ಯಕ್ಷ ಗೆರ್ಬೆನ್ ಟೋಪಿ ಕೈಯಲ್ಲಿ ಹಿಡಿದು ಮನೆಗೆ ಬಂದ.

"ಬೇರೆ ಯಾರಾದ್ರೂ ನಡೀಲಿ ಬಿಡೋ. ನೀನು ದಡದಲ್ಲಿ ನಿಂತು ಹೇಳಿದ್ರೆ ಸಾಕು."

ಅಕ್ಕ, ಎದೆ ಸೀಳಿದಾಗಲೂ ಅಷ್ಟು ನೋವಾಗಿರಲಿಲ್ಲ. "ಡಾಕ್ಟರು ನೀರಿಗೆ ಇಳೀಬೇಡ ಅಂದಿದಾರೆ, ಗಡ್ಡೆ ಮೇಲೆ ನಡೀಬೇಡ ಅಂದಿಲ್ಲ" ಎಂದೆ. ಜಗಳ ಹತ್ತುವುದರಲ್ಲಿತ್ತು. ರಿನ್ಸ್ಕೆ ಕೊಟ್ಟಿಗೆಯಿಂದ ಹಗ್ಗ ತಂದು ಒಂದು ತುದಿ ನನ್ನ ಕಂಕುಳ ಕೆಳಗೆ ಬಿಗಿದು, ಇನ್ನೊಂದನ್ನು ಗೆರ್ಬೆನ್ ಕೈಗೆ ಕೊಟ್ಟಳು. "ನೀನು ದಡದ ಮೇಲೆ ಇವನ ಜೊತೆಗೇ ನಡಿ. ಕರು ಹೊಡ್ಕೊಂಡು ಹೋದ ಹಾಗೆ."

ಸೋಮವಾರ ಊರೆಲ್ಲ ಸ್ಕೇಟು ಹಿಡಿದು ದಡದಲ್ಲಿ ಸೇರಿತ್ತು. ಬ್ಯಾಟರಿಗಳು ಬೆಚ್ಚಗೆ ಸ್ವೆಟರಿನೊಳಗಿದ್ದವು. ಭಯವಿದ್ದದ್ದು ಬೇರೆಯದಕ್ಕೆ. ಗಡ್ಡೆಯನ್ನು ನಾವು ಕೋಲಿನಿಂದ ತಟ್ಟಿ ಕಿವಿಯಿಂದ ಅಳೆಯುವವರು. ಈಗ ಹಗಲಿರುಳೂ ಮೂಳೆಯೊಳಗೆ ಪಂಪು ಗುಂಯ್‌ಗುಡುತ್ತದೆ. ಅದರ ಮಧ್ಯೆ ಗಡ್ಡೆಯ ಸದ್ದು ಕೇಳದಿದ್ದರೆ ನಾನು ಮೇಸ್ತ್ರಿಯಾಗಿ ಉಳಿಯುತ್ತಿರಲಿಲ್ಲ. ಇದನ್ನು ರಿನ್ಸ್ಕೆಗೂ ಹೇಳಿರಲಿಲ್ಲ.

ಸೇತುವೆಯ ಹತ್ತಿರ ತಟ್ಟಿದಾಗ ಖಾಲಿ ಹಂಡೆಯ ಸದ್ದು ಬಂತು. ತಿರುಗಿ ಬಂದೆ.

"ಇವತ್ತು ಆಗಲ್ಲ."

ಜನ ಗೊಣಗಿದರು. "ಗಡ್ಡೆ ಗೇಣು ದಪ್ಪ ಇದೆಯಲ್ಲೋ" ಎಂದ ಗೆರ್ಬೆನ್, "ನಿನ್ನ ಎದೆ ಪಂಪಿನ ಸದ್ದೇ ಕೇಳಿಸಿರ್ಬೇಕು." ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು. ಅವನು ದಡದಿಂದ ಹಲಗೆ ಚಾಚಿ, ಅದರ ಮೇಲೆ ಮಲಗಿ ಗಡ್ಡೆ ಕೊರೆಯಲು ಬೈರಿಗೆ ಇಳಿಸಿದ. ಬೈರಿಗೆ ಗಡ್ಡೆ ದಾಟಿತು, ನೀರು ಉಕ್ಕಲಿಲ್ಲ. ಪಂಪ್‌ಹೌಸಿನವರು ಎಂದಿನಂತೆ ಕಾಲುವೆಯಿಂದ ನೀರೆತ್ತಿ ಹೊರಹಾಕಿದ್ದರು. ಕೆಳಗೆ ನೀರು ತಗ್ಗಿ, ಮೇಲೆ ಗಡ್ಡೆ ಬರೀ ಗಾಳಿಯ ಮೇಲೆ ನಿಂತಿತ್ತು. ಮಕ್ಕಳು ಅಷ್ಟೂ ಜನ ಒಟ್ಟಿಗೆ ಇಳಿದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಳ್ಳಲಾರೆ. ಗೆರ್ಬೆನ್ ಎದ್ದು ಬಂದು ನನ್ನ ಹಗ್ಗದ ಗಂಟು ಮುಟ್ಟಿ ನೋಡಿದ. "ಇನ್ನೊಂದು ಸುತ್ತು ಬಿಗೀತೀನಿ. ಮುಂದಿನ ಸಲ ನಡೆಯುವಾಗ ಬೇಕಾಗುತ್ತೆ" ಎಂದ.

ಪಂಪ್‌ಹೌಸಿನವರು ನೀರೆತ್ತುವುದನ್ನು ನಿಲ್ಲಿಸಿದರು. ನೀರು ಏರಿ ಗಡ್ಡೆಯನ್ನು ಮುಟ್ಟಿತು, ಮತ್ತೆ ಚೆನ್ನಾಗಿ ಹೆಪ್ಪುಗಟ್ಟಿತು. ಇವತ್ತು ಹೆಜ್ಜೆಹೆಜ್ಜೆಗೂ ತಟ್ಟುತ್ತಾ ಹೋದೆ. ಎಲ್ಲ ಕಡೆ ಗಟ್ಟಿ ಸದ್ದು. ತುದಿ ಮುಟ್ಟಿ, ಏದುಸಿರಿಲ್ಲದೆ ಹಿಂದಿರುಗಿ, "ಬನ್ನಿ" ಎಂದೆ. ಊರಿಗೆ ಊರೇ ನನ್ನ ಎರಡೂ ಪಕ್ಕದಲ್ಲಿ ಹರಿದುಹೋಯಿತು. ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ ಅಕ್ಕ. ದಡದಲ್ಲಿ ಎಲ್ಲರಿಗೂ ಹಂಚಲು ಇಟ್ಟಿದ್ದ ಬಟಾಣಿ ಸೂಪಿನ ಪಾತ್ರೆಯ ಹಿಂದೆ ನಿಂತು ಎಲ್ಲರೆದುರೇ ಅತ್ತುಬಿಟ್ಟೆ. ಈ ಬದುಕು ನೀನು ಬೈದು ಕೊಡಿಸಿದ್ದು. ಆ ದಿನ ಹೇಳದ ಮಾತನ್ನು ಇವತ್ತು ಬರೆಯುತ್ತಿದ್ದೇನೆ, ನಿನ್ನ ಋಣ ದೊಡ್ಡದು.

ಈ ಕಾಗದವನ್ನು ಗೆರ್ಬೆನ್ ಇವತ್ತೇ ನಿನಗೆ ತಲುಪಿಸಿ, ನಾಳೆ ಕಾರು ತರುತ್ತಾನೆ. ನಿನ್ನ ನರ್ಸಮ್ಮನ ಒಪ್ಪಿಗೆ ಆಗಿದೆ. ದಪ್ಪ ಕಂಬಳಿ ಹೊದ್ದು ತಯಾರಾಗಿರು. ಗಡ್ಡೆಯ ಮೇಲೆ ಜಾರುವಂತೆ ಕಾಲುಗಳಿಗೆ ಪಟ್ಟಿ ಹಾಕಿಸಿದ ಕುರ್ಚಿಯಲ್ಲಿ ನಿನ್ನನ್ನು ಕೂರಿಸಿ, ಕಾಲುವೆಯ ಆ ತುದಿಯವರೆಗೂ ಕರೆದೊಯ್ಯುತ್ತೇವೆ.

ತಳ್ಳುವವನು ನಾನು.

ನಿನ್ನ ಸೊಂಟ ಬೇಗ ಕೂಡಿಕೊಳ್ಳಲಿ, ಬಾಯಿ ಹೀಗೇ ಇರಲಿ.

ನಿನ್ನ ತಮ್ಮ,
ಹಿಲ್ಕೆ