ಮೊಟ್ಟೆ ತೇಲಿದ ಸಮುದ್ರ

ನಲ್ಲೂರು, ದೇವನಹಳ್ಳಿ ತಾಲ್ಲೂಕು
14-7-2013, ಭಾನುವಾರ

ಪ್ರೀತಿಯ ಮಮತಂಗೆ,

ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಮೊನ್ನೆ ಶುಕ್ರವಾರ ಫೋನಿನಲ್ಲಿ ಮಾತಾಡುವಾಗ ನಡುವೆ ಒಂದು ಸಲ "ಉಶ್" ಅಂದೆ. ಕೂತಿದ್ದವಳು ಎದ್ದೆಯೋ, ನಿಂತಿದ್ದವಳು ಕೂತೆಯೋ ಗೊತ್ತಾಗಲಿಲ್ಲ, ಮಂಡಿ ಅಂತ ಮಾತ್ರ ಗೊತ್ತಾಯಿತು. ಪಕ್ಕದ್ಮನೆ ಮಾರಕ್ಕ ಕಾಯಿಸಿಕೊಟ್ಟ ಎಣ್ಣೆ ಮುಗಿದಿರಬೇಕು ಅಂತ ಈ ಕಾಗದದ ಜೊತೆ ಇನ್ನೊಂದು ಸೀಸೆ ಕಳಿಸ್ತಿದೀನಿ, ಹಚ್ಚಿಕೋ. ಮನೆಯೊಳಗೆ ಹಗಲೆಲ್ಲಾ ಏಸಿ ಹಾಕಿರ್ತಾರೆ ಅಂದಿದ್ದೆ. ಮಸ್ಕತ್ತಿನ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡಿದ ನಲ್ಲೂರಿನ ಮೊದಲ ಹೆಂಗಸು ನೀನೇ. ಮೇಡಮ್ಮಿನ ಅವಳಿಗಳು ಹೇಗಿದ್ದಾರೆ? ದೊಡ್ಡವನು ಈಗಲೂ ನಿನ್ನ ಸೆರಗು ಹಿಡಿದುಕೊಂಡೇ ಮಲಗ್ತಾನಾ? ನಲವತ್ತು ದಿನದ ಕೂಸುಗಳನ್ನ ಇಲ್ಲಿನ ಆ ವಿಲ್ಲಾದಲ್ಲಿ ನಿನ್ನ ಮಡಿಲಿಗೆ ಹಾಕಿದ್ದರು, ನೋಡು, ಆಗಲೇ ಐದು ವರ್ಷ ತುಂಬಿತು. ಅವರ ಜೊತೆ ನೀನು ಮಸ್ಕತ್ತಿಗೆ ಹೋಗಿಯೇ ಎರಡು ವರ್ಷ ಆಯಿತು. ನನ್ನ ಬಗ್ಗೆ ಯೋಚನೆ ಬೇಡ. ಬಿಪಿ ಮಾತ್ರೆ ಮರೆಯೋದಿಲ್ಲ. ಮರೆತ ದಿನ ಮಾತ್ರೆಯೇ ನನ್ನನ್ನ ನೆನೆಸಿಕೊಂಡು ತಲೆ ತಿರುಗಿಸುತ್ತೆ.

ಫೋನು ಇರುವಾಗ ಕಾಗದ ಯಾಕೆ ಅಂತ ಕೇಳ್ತೀಯ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಮೂರು ಪೇಪರು ಹರಿದು ಹಾಕಿ ನಾಲ್ಕನೆಯದರಲ್ಲಿ ಬರೀತಿದೀನಿ ಅಂದ್ರೆ ಕಾರಣ ಇದೆ. ಶುಕ್ರವಾರದ ಹತ್ತು ನಿಮಿಷದಲ್ಲಿ ನನ್ನ ಬಾಯಿಂದ ತಮಾಷೆ ಬಿಟ್ಟು ಬೇರೆ ಏನೂ ಬರೋದಿಲ್ಲ. ಮೊನ್ನೆ ನೀನು, "ಮೇಡಮ್ಮು ಇನ್ನೆರಡು ವರ್ಷಕ್ಕೆ ಸಹಿ ಹಾಕು ಅಂತವ್ರೆ. ತಿಂಗಳು ಮುಗಿಯೋದ್ರೊಳಗೆ ಹೇಳ್ಬೇಕು, ನೀವೇನಂತೀರ?" ಅಂದೆ. ನಾನು, "ಎರಡ್ಯಾಕೆ, ಇಪ್ಪತ್ತಕ್ಕೇ ಹಾಕ್ಬಿಡು, ನಾನೂ ಇಲ್ಲೊಬ್ಳು ಅಡುಗೆಯವಳನ್ನ ನೋಡ್ಕೋತೀನಿ" ಅಂದೆ. ನೀನು ನಗಲಿಲ್ಲ. "ಆಯ್ತು" ಅಂದು ಇಟ್ಟುಬಿಟ್ಟೆ. ಆ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಮನೆಯಲ್ಲಿ ಆದ ಅನಾಹುತ ಹೇಳಿಬಿಡ್ತೀನಿ. ಮಾರಕ್ಕನ ಮಗ ಹರಿಪ್ರಸಾದ್ ರಜಾ ಮುಗಿಸಿ ಇವತ್ತು ಮಸ್ಕತ್ತಿಗೆ ವಾಪಸ್ ಹೊರಟಿದ್ದಾನೆ, ಅವನ ಕೈಯಲ್ಲೇ ಇದು ಬರುತ್ತೆ. ನಮ್ಮ ಟ್ಯಾಕ್ಸಿಯಲ್ಲಿ ಅವನನ್ನ ಏರ್‌ಪೋರ್ಟಿಗೆ ಬಿಡೋನೂ ನಾನೇ, ಆದ್ದರಿಂದ ನಾನು ಮುಗಿಸೋವರೆಗೂ ಅವನು ಎಲ್ಲಿಗೂ ಹೋಗೋ ಹಂಗಿಲ್ಲ.

ಹೋದ ದೀಪಾವಳಿಯಲ್ಲಿ ನೀನು ಹೇಳಿದ್ದು ನಿನಗೆ ಮರೆತಿರಬಹುದು. ಸಾಯಂಕಾಲ ಮಕ್ಕಳನ್ನ ಸಮುದ್ರದ ದಡಕ್ಕೆ ಕರೆದುಕೊಂಡು ಹೋಗ್ತೀನಿ, ಕಲ್ಲುಗಳ ನಡುವೆ ಮೊಣಕಾಲುದ್ದ ನೀರು, ಅದರಲ್ಲಿ ಬಣ್ಣಬಣ್ಣದ ಮೀನು, ಅವನ್ನ ನೋಡ್ತಾ ನಿಂತರೆ ಮಂಡಿ ನೋವೂ ಗೊತ್ತಾಗೋದಿಲ್ಲ ಅಂದಿದ್ದೆ. ಕೊನೆಗೆ, "ಊರಿಗೆ ಬಂದ್ರೆ ಇದೊಂದು ಇರಲ್ಲ ನೋಡಿ" ಅಂದೆ. ನಾನು ಅದಕ್ಕೂ ಏನೋ ತಮಾಷೆ ಮಾಡಿದೆ. ಆದರೆ ಮಾತು ಹೊಟ್ಟೆಯೊಳಗೆ ಉಳಿದುಬಿಟ್ಟಿತು. ಇದೊಂದೇ ತಾನೇ ಇಲ್ಲದ್ದು, ಅದನ್ನೂ ತಂದಿಟ್ಟರೆ ಇವಳಿಗೆ ನೆಪ ಏನಿರುತ್ತೆ ಅಂತ ಲೆಕ್ಕ ಹಾಕಿದೆ. ಶಿವರಾತ್ರಿ ಹೊತ್ತಿಗೆ ಯಲಹಂಕದಲ್ಲಿ ಗಿರಾಕಿಯೊಬ್ಬರನ್ನ ಇಳಿಸಿ ಟೀ ಕುಡಿಯೋಕೆ ನಿಂತಾಗ ಎದುರಿಗೆ ಮೀನಿನ ಅಂಗಡಿ ಕಾಣಿಸಿತು. ತಿನ್ನೋದಲ್ಲ, ಸಾಕೋದು. ಒಳಗೆ ಹೋಗಿ, "ನಮ್ಮನೇಲಿ ಒಂದು ಸಮುದ್ರ ಇಡ್ಬೇಕು, ಚಿಕ್ಕದು ಸಾಕು" ಅಂದೆ.

ಅಂಗಡಿಯ ಯಜಮಾನರು ಆದಿನಾರಾಯಣಪ್ಪ ಅಂತ, ಅರವತ್ತರ ಹತ್ತಿರದವರು, ನಗೋದು ಕಡಿಮೆ. ನನ್ನಂಥವನಿಗೆ ಅಂಥವರೇ ಸಿಗೋದು. "ಚಿಕ್ಕದು ಅಂದ್ರೆ ಸುಲಭ ಅಂದ್ಕೊಂಡ್ರಾ? ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತೆ. ದೊಡ್ಡ ತೊಟ್ಟಿ ನಿಮ್ಮ ತಪ್ಪನ್ನ ಒಂದಷ್ಟು ತಡ್ಕೊಳುತ್ತೆ" ಅಂದರು. ನನ್ನ ತಪ್ಪು ತಡೆದುಕೊಳ್ಳೋದು ಅಂದಮೇಲೆ ದೊಡ್ಡದೇ ಆಗಬೇಕು, ನೀನು ಕೂಡ ಎತ್ತರದ ಹೆಂಗಸೇ ಅಲ್ಲವಾ. ಮೂರು ಅಡಿ ಉದ್ದದ್ದು ಆರಿಸಿದೆ. ಟಿವಿ ಸ್ಟ್ಯಾಂಡಿನ ಮೇಲೆ ಇಡ್ತೀನಿ ಅಂದಾಗ ನೀರು ತುಂಬಿದರೆ ಎರಡು ಕ್ವಿಂಟಲ್ ದಾಟುತ್ತೆ ಅಂತ ಬೈದರು. ಬಾಶೆಟ್ಟಿಹಳ್ಳಿಯಲ್ಲಿ ವೆಲ್ಡಿಂಗ್ ಮಾಡೋ ಲಕ್ಷ್ಮಯ್ಯನ ಹತ್ತಿರ ಕಬ್ಬಿಣದ ಸ್ಟ್ಯಾಂಡು ಮಾಡಿಸಿದೆ. ಅದು ಎಷ್ಟು ಗಟ್ಟಿ ಅಂದ್ರೆ ನಾಳೆ ಮನೆ ಬಿದ್ದರೂ ಸಮುದ್ರ ಮಾತ್ರ ನಿಂತಿರುತ್ತೆ.

ಆಮೇಲೆ ಒಂದೊಂದೇ ಸಾಮಾನು. ಅಲೆ ಎಬ್ಬಿಸೋಕೆ ಎರಡು ಪಂಪು ಬೇಕಂತೆ, ಎದುರುಬದುರಾಗಿ ಇಡಬೇಕಂತೆ, ಸಮುದ್ರದ ಮೀನಿಗೆ ನಿಂತ ನೀರು ಆಗೋದಿಲ್ಲವಂತೆ. ನೀರೊಳಗಿನ ಕೊಳೆಯನ್ನ ನೊರೆ ಮಾಡಿ ಮೇಲಕ್ಕೆ ತೆಗೆಯೋ ಕೊಳವೆ ಒಂದು. ಬೇಳೆ ಬೇಯುವಾಗ ಮೇಲೆ ಬರೋ ನೊರೆಯನ್ನ ನೀನು ಸೌಟಿನಲ್ಲಿ ತೆಗೆದು ಚೆಲ್ಲುತ್ತಿದ್ದೆಯಲ್ಲ, ಅದೇ ಕೆಲಸ, ಇದಕ್ಕೆ ಕರೆಂಟು ಬೇಕು ಅಷ್ಟೆ. ಚಳಿಗಾಲಕ್ಕೆ ಹೀಟರು ತಗೊಳ್ಳಿ ಅಂದರು. "ಸ್ವಾಮೀ, ನಂಗೇ ಬಿಸಿನೀರು ಕಾಯಿಸಿಕೊಡೋರಿಲ್ಲ, ಮೀನಿಗಾ?" ಅಂದೆ. ಅವರು ನಗದೆ ಹೀಟರನ್ನ ಬುಟ್ಟಿಗೆ ಹಾಕಿದರು. ನಮ್ಮ ಕಡೆ ಕರೆಂಟು ಹೋಗೋದು ಗೊತ್ತೇ ಇದೆ, ಅದಕ್ಕೆ ಬ್ಯಾಟರಿಯಲ್ಲಿ ಓಡೋ ಗಾಳಿಯ ಪಂಪು. ಬಿಳೀ ಮರಳು. ಸಮುದ್ರದಿಂದ ಬಂದ ತೂತು ತೂತಿನ ಕಲ್ಲುಗಳು, ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟರು, ಅವುಗಳಲ್ಲಿ ಕಣ್ಣಿಗೆ ಕಾಣದ ಜೀವ ಇರುತ್ತಂತೆ. ಮತ್ತೆ ಒಂದು ಬಕೆಟ್ ಉಪ್ಪು. ನಿಮ್ಮ ತೊಟ್ಟಿಗೆ ಇದೊಂದು ಧಾರಾಳ ಅಂದರು. ನಮ್ಮ ಬೋರಿನ ಗಡಸು ನೀರು ಹಾಕಬಾರದು ಅಂದಿದ್ದಕ್ಕೆ ಡೇರಿ ಪಕ್ಕದ ಶುದ್ಧ ನೀರಿನ ಘಟಕದಿಂದ ಹತ್ತು ಕ್ಯಾನು ಹೊತ್ತು ತಂದೆ. ಸಾಲಿನಲ್ಲಿ ನಿಂತಿದ್ದ ಬೈರಣ್ಣ, "ಏನಪ್ಪಾ ಮುನಿಶಾಮಿ, ಮನೇಲಿ ಮದುವೆನಾ?" ಅಂದ. "ಹೂಂ ಕಣೋ, ಗಂಡು ಹೆಣ್ಣು ಇನ್ನೂ ಸಿಕ್ಕಿಲ್ಲ, ನೀರು ಮೊದ್ಲು" ಅಂದೆ.

ಒಂದೇ ಒಂದು ಸಾಮಾನು ಬೇಡ ಅಂದೆ. ಟಾರ್ಚಿನ ಥರ ಇರೋ ಒಂದು ಕೊಳವೆ. ತುದಿಗೆ ಒಂದು ತೊಟ್ಟು ನೀರು ಹಾಕಿ ಬೆಳಕಿಗೆ ಹಿಡಿದರೆ ಉಪ್ಪು ಎಷ್ಟಿದೆ ಅಂತ ಗೆರೆ ತೋರಿಸುತ್ತೆ. ಇದಿಲ್ಲದೆ ಉಳಿದದ್ದೆಲ್ಲಾ ದಂಡ ಅಂತ ಆದಿನಾರಾಯಣಪ್ಪ ಎರಡು ಸಲ ಹೇಳಿದರು. ನಾನು, "ನಮ್ಗೆ ಉಪ್ಪುನೀರು ಹೇಳ್ಕೊಡ್ಬೇಡಿ, ನಾವು ಬೀಜ ಆಯ್ದ ಜನ" ಅಂದೆ. ನಿನಗೆ ನೆನಪಿರಬೇಕು, ಕೆರೆ ಕೆಳಗೆ ನಮ್ಮ ಗದ್ದೆ ಇದ್ದಾಗ ಅಪ್ಪ ಭತ್ತದ ಬೀಜ ಹೇಗೆ ಆಯುತ್ತಿದ್ದ ಅಂತ. ಹಂಡೆ ನೀರಿಗೆ ಉಪ್ಪು ಹಾಕ್ತಾ ಹಾಕ್ತಾ, ಒಳಗೆ ಬಿಟ್ಟ ಕೋಳಿಮೊಟ್ಟೆ ಮೇಲಕ್ಕೆ ಬಂದು ಎಂಟಾಣೆಯಷ್ಟು ಬೋಳುತಲೆ ತೋರಿಸಿದರೆ ಉಪ್ಪು ಸರಿಯಾಯಿತು ಅಂತ ಲೆಕ್ಕ. ಆಮೇಲೆ ಭತ್ತ ಸುರಿದರೆ ಜೊಳ್ಳು ತೇಲುತ್ತೆ, ಗಟ್ಟಿ ಕಾಳು ಮುಳುಗುತ್ತೆ. ನಾನು ಅದನ್ನೇ ಮಾಡಿದೆ. ಮಾರಕ್ಕನ ಹತ್ತಿರ ನಾಟಿಮೊಟ್ಟೆ ಇಸಕೊಂಡು ಬಂದು ತೊಟ್ಟಿಗೆ ಬಿಟ್ಟೆ. ಬಕೆಟ್ ಪೂರ್ತಿ ಉಪ್ಪು ಹಾಕಿದರೂ ಮೊಟ್ಟೆ ತಳ ಬಿಟ್ಟು ಏಳಲಿಲ್ಲ. ಮಾರನೇ ದಿನ ಅಂಗಡಿಗೆ ಹೋಗಿ ಇನ್ನೂ ಎರಡು ಬಕೆಟ್ ತಂದೆ. "ಇಷ್ಟು ಬೇಗ ಮುಗೀತಾ?" ಅಂದರು. "ನೆಂಟರು ಬಂದಿದ್ರು" ಅಂದೆ. ಕೊನೆಗೂ ಮೊಟ್ಟೆ ಬೋಳುತಲೆ ತೋರಿಸಿತು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ.

ಆರು ವಾರ ಮೀನು ಬಿಡದೆ ಬರೀ ನೀರನ್ನೇ ಓಡಿಸಬೇಕು, ನೀರು ಹದಕ್ಕೆ ಬರಬೇಕು ಅಂದಿದ್ದರು. ಹಾಗೇ ಓಡಿಸಿದೆ. ಮಧ್ಯಾಹ್ನ ಊಟಕ್ಕೆ ಬಂದಾಗ ತಟ್ಟೆ ಹಿಡಿದುಕೊಂಡು ಅದರ ಮುಂದೆ ಕೂರುತ್ತಿದ್ದೆ. ಲೈಟು ಉರಿಯುತ್ತೆ, ಅಲೆ ಬರುತ್ತೆ ಹೋಗುತ್ತೆ, ಒಳಗೆ ಯಾರೂ ಇಲ್ಲ. ಮೇಲೆ ವಿಮಾನ ಹೋದರೆ ಗಾಜು ಸಣ್ಣಗೆ ನಡುಗುತ್ತೆ. ಒಂದೊಂದು ದಿನ ತಟ್ಟೆಯಲ್ಲಿ ಕೈ ಒಣಗಿರೋದು ಆಮೇಲೆ ಗೊತ್ತಾಗುತ್ತಿತ್ತು. ಎರಡನೇ ವಾರಕ್ಕೆ ಕಲ್ಲಿನಿಂದ ಒಂಥರಾ ಕೊಳೆತ ವಾಸನೆ ಬಂತು. ಮಾರಕ್ಕ ಮೂಗು ಮುಚ್ಚಿಕೊಂಡು, "ಏನ್ಲಾ ಸತ್ತೈತೆ ನಿಮ್ಮನೇಲಿ?" ಅಂದಳು. ನಾನು, "ಸಮುದ್ರ ಅಂದ್ರೆ ಹಿಂಗೇ ನಾರೋದು, ನಿಂಗೇನು ಗೊತ್ತು" ಅಂತ ಅವಳ ಬಾಯಿ ಮುಚ್ಚಿಸಿದೆ. ನನಗೇನು ಗೊತ್ತಿತ್ತು? ನಾನು ಸಮುದ್ರ ನೋಡಿದವನಲ್ಲ. ನೋಡಿದವಳು ನೀನು. ಶುಕ್ರವಾರ ಒಂದು ಮಾತು, ಸಮುದ್ರದ ವಾಸನೆ ಹೇಗಿರುತ್ತೆ ಅಂತ ನಿನ್ನ ಕೇಳಿದ್ದರೆ ಸಾಕಾಗಿತ್ತು. ಕೇಳಲಿಲ್ಲ. ಗುಟ್ಟಾಗಿ ಮಾಡಿ ನಿನ್ನನ್ನ ಬೆರಗುಪಡಿಸಬೇಕು ಅಂತಿತ್ತು.

ಮೇ ಕೊನೇ ವಾರ ಮೀನು ತರೋಕೆ ಹೋದೆ. ಕಿತ್ತಳೆ ಮೈಗೆ ಬಿಳಿ ಪಟ್ಟಿ, ಬೆರಳುದ್ದ, ಜೋಡಿಯಾಗಿಯೇ ಕೊಡ್ತಾರೆ. ದೊಡ್ಡದು ಹೆಣ್ಣು, ಚಿಕ್ಕದು ಗಂಡು, ಅವಳು ಮುಂದೆ ಹೋದರೆ ಇವನು ಹಿಂದೆ. ಹೆಣ್ಣು ಇಲ್ಲವಾದರೆ ಗಂಡೇ ನಿಧಾನವಾಗಿ ಹೆಣ್ಣಾಗಿಬಿಡುತ್ತಂತೆ. ಅಡುಗೆ, ಮುಸುರೆ, ರಂಗೋಲಿ ಎಲ್ಲಾ ಮಾಡಿ ಎರಡು ವರ್ಷದಲ್ಲಿ ನಾನೂ ಮುಕ್ಕಾಲು ಪಾಲು ಆಗಿದೀನಿ ಅಂದೆ. ಅವತ್ತು ಆದಿನಾರಾಯಣಪ್ಪ ಸ್ವಲ್ಪ ನಕ್ಕರು. ಆಮೇಲೆ, "ನೀರು ಅಳೆದ್ರಾ? ಒಂದು ಬಾಟ್ಲು ತನ್ನಿ ಅಂದಿದ್ನಲ್ಲ" ಅಂದರು. "ಅಳೆದಿದೀನಿ, ಪಕ್ಕಾ ಇದೆ" ಅಂದೆ.

ಹೇಳಿಕೊಟ್ಟ ಹಾಗೇ ಮೀನಿದ್ದ ಕವರನ್ನ ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿದೆ. ಎರಡೂ ಹೊರಗೆ ಬಂದವು. ಕೆಳಕ್ಕೆ ಇಳಿಯೋಕೆ ನೋಡಿದವು, ನೀರು ಅವನ್ನ ಬಿಡಲಿಲ್ಲ, ಮೇಲಕ್ಕೇ ತಳ್ಳಿತು. ಹೆಣ್ಣು ಒಂದು ಪಕ್ಕಕ್ಕೆ ವಾಲಿತು. ಗಂಡು ಅದರ ಸುತ್ತ ಎರಡು ಸುತ್ತು ಬಂದು ಅದೂ ವಾಲಿತು. ಕಾಲು ಗಂಟೆ ಆಗಿರಲಿಲ್ಲ ಮಮತ. ನಾನು ಬಲೆ ಹುಡುಕ್ತಿದ್ದೆ, ಬಲೆ ತಂದೇ ಇರಲಿಲ್ಲ. ಚಹಾ ಸೋಸೋ ಜರಡಿಯಲ್ಲಿ ಎತ್ತಿ ಕವರಿನ ನೀರಿಗೆ ವಾಪಸ್ ಹಾಕಿದೆ, ಅಷ್ಟರಲ್ಲಿ ಮುಗಿದಿತ್ತು. ಪಂಪಿನ ಸ್ವಿಚ್ಚು ಆರಿಸಿದೆ. ಮನೆ ಎಷ್ಟು ಸದ್ದಿಲ್ಲದೆ ಇರುತ್ತೆ ಅಂತ ಅವತ್ತು ಗೊತ್ತಾಯಿತು. ಸಾವಿನ ಮನೆಯಲ್ಲೂ ನಾಲ್ಕು ಜನರನ್ನ ನಗಿಸೋನು ನಾನು. ಹಿತ್ತಿಲಿನ ಚಕ್ಕೋತದ ಗಿಡದ ಬುಡದಲ್ಲಿ ಎರಡನ್ನೂ ಮಣ್ಣು ಮಾಡಿದೆ. ಎರಡು ದಿನ ಗಾಡಿ ತೆಗೆಯಲಿಲ್ಲ. ನಿನಗೆ ಮಾತ್ರ ಆ ಶುಕ್ರವಾರ ಫೋನಿನಲ್ಲಿ, ಜ್ವರ, ಸೊಳ್ಳೆ ನನ್ನ ಮೇಲೆ ಮನಸ್ಸು ಮಾಡಿದೆ ಅಂತ ಹೇಳಿದೆ.

ಮೂರನೇ ದಿನ ಬಾಟಲಿಯಲ್ಲಿ ನೀರು ತಗೊಂಡು ಅಂಗಡಿಗೆ ಹೋದೆ. ಆದಿನಾರಾಯಣಪ್ಪ ಒಂದು ತೊಟ್ಟು ಹಾಕಿ ಬಾಗಿಲ ಬೆಳಕಿಗೆ ಹಿಡಿದರು, ಕಣ್ಣು ಒರೆಸಿಕೊಂಡು ಮತ್ತೆ ಹಿಡಿದರು. ಗೆರೆ ಅಂಕಿಗಳನ್ನೆಲ್ಲಾ ದಾಟಿ ಮೇಲೆ ಹೋಗಿತ್ತು. ಸಮುದ್ರಕ್ಕಿಂತ ಮೂರು ಪಟ್ಟು ಉಪ್ಪು. "ಇದ್ರಲ್ಲಿ ಮೀನಲ್ಲಾರೀ, ಮಾವಿನಕಾಯಿ ಹಾಕ್ಬೇಕು" ಅಂದರು. ಕಲ್ಲಿನೊಳಗಿದ್ದ ಜೀವವೂ ಅದಕ್ಕೇ ಸತ್ತು ನಾತ ಬಂದಿದ್ದಂತೆ. ಮೊಟ್ಟೆ ತೇಲೋ ನೀರು ಬೀಜಕ್ಕೆ, ಸಮುದ್ರದಲ್ಲಿ ಮೊಟ್ಟೆ ಮುಳುಗೇ ಮುಳುಗುತ್ತೆ ಅಂದರು. ನಾನು ನಗಿಸೋಕೆ ಅಂತ, "ನನ್ನ ಕಣ್ಣಿಗೆ ಸರಿಯಾಗೇ ಇತ್ತು ಸ್ವಾಮೀ" ಅಂದೆ. ಅವರು ಕೊಳವೆ ಕೆಳಗಿಟ್ಟು ನನ್ನ ಮುಖ ನೋಡಿ, "ಅದ್ರಲ್ಲಿ ಬದುಕೋರು ನೀವಾ? ಬದುಕೋರನ್ನ ಕೇಳಿ ಅಳೀಬೇಕಲ್ವಾ?" ಅಂದರು. ಆಮೇಲೆ ಪಾಪ, ಕುರ್ಚಿ ಹಾಕಿ ಟೀ ತರಿಸಿದರು. ನನ್ನ ಮುಖ ಹೇಗಾಗಿತ್ತೋ.

ಈಗ ನೀರೆಲ್ಲಾ ಚೆಲ್ಲಿ, ತೊಟ್ಟಿ ತೊಳೆದು, ಬೇರೆ ಕಲ್ಲು ತಂದು ಹೊಸದಾಗಿ ಶುರು ಮಾಡಿದೀನಿ. ಆ ಕೊಳವೆಯನ್ನೂ ತಂದಿದೀನಿ, ದಿನಾ ಬೆಳಿಗ್ಗೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡ್ತೀನಿ. ನೀರು ಹದಕ್ಕೆ ಬಂದಿದೆ, ವಾಸನೆ ಇಲ್ಲ. ಆದಿನಾರಾಯಣಪ್ಪ ಇನ್ನೊಂದು ಜೋಡಿ ಎತ್ತಿಟ್ಟಿದೀನಿ, ಬಂದು ತಗೊಂಡೋಗಿ ಅಂತಾರೆ. ನಾನೇ ಇನ್ನೂ ಹೋಗಿಲ್ಲ.

ದೊಡ್ಡಬಳ್ಳಾಪುರದಲ್ಲಿ ತಮ್ಮನ ಮನೆಯಲ್ಲಿರೋ ಅಮ್ಮ ಚೆನ್ನಾಗಿದ್ದಾಳೆ, ನೀನು ಬಂದಮೇಲೆ ಹಲ್ಲು ಕಟ್ಟಿಸಿಕೊಳ್ತೀನಿ ಅಂತ ಹಟ ಮಾಡ್ತಾಳೆ. ಮಾರಕ್ಕ ನಿನ್ನನ್ನ ಬೈದಿದ್ದಾಳೆ, ಅಂದ್ರೆ ಕೇಳಿದ್ದಾಳೆ ಅಂತ ಅರ್ಥ. ಅವಳಿಗಳ ಕೆನ್ನೆಗೆ ಒಂದೊಂದು ಮುತ್ತು. ನಿನಗೆ ಏನು ಕಳಿಸಬೇಕು ಅಂತ ತಿಳಿಯದೆ ಎಣ್ಣೆ ಸೀಸೆಯ ಪಕ್ಕ ಹುರಿಗಡಲೆ ಪುಡಿ ಇಟ್ಟಿದೀನಿ. ಊರಿನ ದೇವರೆಲ್ಲಾ ನಿನ್ನ ಮಂಡಿಯ ಕಡೆ ಒಂದು ಕಣ್ಣು ಇಟ್ಟಿರಲಿ.

ಇಂತಿ ನಿನ್ನ
ಮುನಿಶಾಮಿ

ವಿ.ಸೂ.: ಹರಿಪ್ರಸಾದ್ ಕಾರಿನಲ್ಲಿ ಕೂತು ಹಾರ್ನ್ ಹೊಡೀತಿದಾನೆ, ಅದಕ್ಕೆ ಬೇಗ ಬರೀತೀನಿ. ಇಪ್ಪತ್ತು ವರ್ಷಕ್ಕೆ ಹಾಕು ಅಂದಿದ್ದು ಸುಳ್ಳು. ನೀನು "ಆಯ್ತು" ಅಂದು ಇಟ್ಟಮೇಲೂ ಫೋನು ಕಿವಿಯಲ್ಲೇ ಇತ್ತು. ಸಹಿ ಹಾಕಬೇಡ ಮಮತ. ಮಕ್ಕಳು ಇನ್ನು ಸ್ಕೂಲಿಗೆ ಹೋಗ್ತಾರೆ, ಅವಕ್ಕೆ ಜೊತೆಗಾರರು ಸಿಗ್ತಾರೆ. ನನಗೆ ನಲವತ್ತೊಂಬತ್ತು, ನನ್ನನ್ನ ಯಾವ ಸ್ಕೂಲೂ ಸೇರಿಸ್ಕೊಳಲ್ಲ. ಆದರೆ ಆ ಮಕ್ಕಳನ್ನ ಬಿಟ್ಟು ಬರೋಕೆ ನಿನ್ನ ಜೀವಕ್ಕೆ ಆಗೋದಿಲ್ಲ ಅಂದ್ರೆ, ಅದನ್ನೂ ಹೇಳಿಬಿಡು. ನಾನು ಯಾವತ್ತೂ ನಿನ್ನನ್ನ ಕೇಳಿದವನಲ್ಲ, ನಗಿಸಿದ್ದು ಅಷ್ಟೆ. ಈ ಶುಕ್ರವಾರ ಹಲೋ ಅಂದಮೇಲೆ ನಾನು ಬಾಯಿ ಬಿಡೋದಿಲ್ಲ. ಹತ್ತು ನಿಮಿಷ ಪೂರ್ತಿ ನಿನ್ನದು.