ಹಿಂದಿನ ಸೀಟಿನಿಂದ

ಸರಟೋಗಾ, ಕ್ಯಾಲಿಫೋರ್ನಿಯಾ
ಬುಧವಾರ, ಮಾರ್ಚ್ 12, 2025

ಬೀಗಿತ್ತಿ ಅಂಬವ್ವನವರಿಗೆ ಮೈಥಿಲಿಯ ನಮಸ್ಕಾರಗಳು.

ಒಂದು ಗಂಟೆಯ ದಾರಿಯಷ್ಟು ದೂರದ ಓಕ್ಲ್ಯಾಂಡಿನಲ್ಲಿ, ನಮ್ಮ ಮಕ್ಕಳ ಮನೆಯಲ್ಲೇ ಇರುವ ನಿಮಗೆ ಕಾಗದ ಬರೆಯುತ್ತಿದ್ದೇನೆ. ಇದೇನು ಹೊಸ ನಾಟಕ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲೇ ಹೇಳಲು ನೋಡಿದೆ. ಸೋಮವಾರ ಎರಡು ಸಲ ಮಾಡಿದೆ. ಎರಡು ಸಲವೂ ನೀವು "ಏನ್ರಿ ಬೀಗರ, ಊಟ ಆತೇನ್ರಿ" ಎಂದಿರಿ. ನಾನು ಆಯಿತು ಎಂದೆ, ನಿಮ್ಮ ಕೈನೋವು ಹೇಗಿದೆ ಎಂದು ಕೇಳಿದೆ, ಇಟ್ಟುಬಿಟ್ಟೆ. ನಿಮ್ಮ ದನಿ ಕಿವಿಗೆ ಬಿದ್ದರೆ ನನಗೆ ಧೈರ್ಯ ಸಾಲುವುದಿಲ್ಲ. ಮೊಮ್ಮಗಳು ತನ್ವಿ ಊಟ ಮಾಡಿ ಇಲ್ಲಿ ನನ್ನ ಮನೆಯಲ್ಲಿ ಮಲಗಿದ್ದಾಳೆ. ಅವಳು ಏಳುವುದರೊಳಗೆ ಇದನ್ನು ಮುಗಿಸಬೇಕು.

ಶನಿವಾರ ನೀವು ಗದಗಿಗೆ ಹೊರಡುತ್ತಿದ್ದೀರಿ. ಮೊಮ್ಮಗಳನ್ನು ನೋಡಿಕೊಳ್ಳಲೆಂದು ಜೂನ್‌ವರೆಗೆ ಇರಬೇಕಾದವರು ಮಾರ್ಚಿನಲ್ಲೇ ಹೊರಡುವುದಕ್ಕೆ ಕಾರಣ ನಾನು. ಇದು ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ.

ಮೊದಲಿಗೇ ಹೇಳಿಬಿಡುತ್ತೇನೆ. ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅರವತ್ತೆರಡು ವರ್ಷದ ಹೆಂಗಸು ಬರೆಯುವ ಮಾತಲ್ಲ ಇದು, ಆದರೆ ಬೇರೆ ಒಳ್ಳೆಯ ಹೆಸರು ಹುಡುಕಿದೆ, ಸಿಗಲಿಲ್ಲ.

ನೀವು ಡಿಸೆಂಬರಿನಲ್ಲಿ ಬಂದಿಳಿದಾಗ ಹಾಗಿರಲಿಲ್ಲ. ಆಗ ನಿಮ್ಮ ಮೇಲೆ ನನಗೆ ತುಂಬಾ ಪ್ರೀತಿ. ಯಾಕೆಂದರೆ ನಿಮಗೆ ಇಲ್ಲಿ ಲೈಸನ್ಸಿಲ್ಲ, ಇಂಗ್ಲಿಷಿಲ್ಲ. ಗ್ರೋಸರಿಗೆ ಹೋಗುವುದಿದ್ದರೂ ಗುಡಿಗೆ ಹೋಗುವುದಿದ್ದರೂ ನಾನೇ ಸರಟೋಗಾದಿಂದ ಬರಬೇಕು. ಫ್ರೀವೇಯಲ್ಲಿ ನಾನು ಲೇನು ಬದಲಿಸಿದಾಗಲೆಲ್ಲ ನೀವು "ಭಾಳ ಛಲೋ ಓಡಸ್ತೀರಿ ಬಿಡ್ರಿ" ಅನ್ನುತ್ತಿದ್ದಿರಿ, ನಾನು ಉಬ್ಬಿಹೋಗುತ್ತಿದ್ದೆ. ಬೀಜದ ಅಂಗಡಿಯ ಮೂಟೆಗಳನ್ನು ಹೇರಿಕೊಂಡು ಇಪ್ಪತ್ತೆರಡು ವರ್ಷ ನೀವೇ ಮೆಟಡೋರ್ ಓಡಿಸಿದ್ದೀರಿ ಎಂಬುದನ್ನು ಒಂದು ದಿನವೂ ಬಾಯಿಬಿಡಲಿಲ್ಲವಲ್ಲ! ಹೇಳಿದ್ದರೆ ಸ್ವಲ್ಪ ಎಚ್ಚರದಲ್ಲಿರುತ್ತಿದ್ದೆ.

ಮೊದಲ ಉರಿ ಶುರುವಾದದ್ದು ಜನವರಿಯಲ್ಲಿ. ವಿಭಾ ಇಲ್ಲೇ ಹುಟ್ಟಿದವಳು. ಮೂವತ್ತು ವರ್ಷ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟವಳು. ಕನ್ನಡ ಕಲಿಯುವ ಕ್ಲಾಸಿಗೆ ಎಷ್ಟು ಭಾನುವಾರ ಎಳೆದುಕೊಂಡು ಹೋಗಿದ್ದೇನೆ, ದೇವರಿಗೇ ಗೊತ್ತು. ಒಂದು ದಿನ ನಿಮ್ಮ ಅಡುಗೆಮನೆಯೊಳಗೆ ಕಾಲಿಟ್ಟರೆ ನನ್ನ ಮಗಳು ನಿಮಗೆ "ಹೌದ್ರಿ ಅವ್ವ, ನಾ ಮಾಡ್ತೀನ್ರಿ" ಅನ್ನುತ್ತಿದ್ದಾಳೆ! ಅದೂ ಗದಗಿನ ರಾಗದಲ್ಲಿ. ನಾನು ನಕ್ಕೆ. ನೀವೂ ನಕ್ಕಿರಿ. ಅವತ್ತು ಮನೆಗೆ ಬಂದು, ಕಾರನ್ನು ಗರಾಜಿಗೆ ಹಾಕಿ, ಇಳಿಯದೆ ತುಂಬಾ ಹೊತ್ತು ಅಲ್ಲೇ ಕೂತಿದ್ದೆ. ನಮ್ಮ ಯಜಮಾನರು, ಅರವಿಂದ, ಹೋಗಿ ಐದು ವರ್ಷವಾಯಿತು. ನನ್ನವಳು ಎಂದು ಹೇಳಿಕೊಳ್ಳಲು ಇರುವುದು ವಿಭಾ ಒಬ್ಬಳೇ.

ಇನ್ನು ನ್ಯೂಜಿಲೆಂಡಿನ ವಿಷಯ. ಫೆಬ್ರವರಿಯಲ್ಲಿ ನಿಮ್ಮ ಮಗ ನವೀನನಿಗೆ ಕ್ರೈಸ್ಟ್‌ಚರ್ಚಿನಲ್ಲಿ ಹತ್ತು ದಿನದ ಮೀಟಿಂಗು ಬಂತು, ಎಲ್ಲರೂ ಹೋದೆವು. ಅವನು ಕೆಲಸದಲ್ಲಿರುವಾಗ ನಾವು ಮೂವರು ತನ್ವಿಯನ್ನು ಕರೆದುಕೊಂಡು ಟೆಕಾಪೊ ಸರೋವರ ನೋಡಿ ಬರುವುದೆಂದಾಯಿತು. ಬಾಡಿಗೆ ಕಾರು ಯಾರು ಓಡಿಸುವುದು? ನಿಮ್ಮ ಲೈಸನ್ಸು "ಊರಾಗ ಬೀರುವಿನ್ಯಾಗ ಐತ್ರಿ" ಎಂದಿರಿ. ನಾನು ತಕ್ಷಣ ನನ್ನದನ್ನು ಕೌಂಟರಿನ ಮೇಲಿಟ್ಟೆ. ಕ್ಯಾಲಿಫೋರ್ನಿಯಾದಲ್ಲಿ ಮೂವತ್ತೊಂದು ವರ್ಷ ಓಡಿಸಿದ್ದೇನೆ, ಒಂದು ಟಿಕೆಟ್ಟಿಲ್ಲ.

ಆಮೇಲೆ ಆದದ್ದನ್ನು ನೀವು ಕಣ್ಣಾರೆ ನೋಡಿದ್ದೀರಿ. ಗತ್ತಿನಿಂದ ಹೋಗಿ ಎಡಗಡೆಯ ಬಾಗಿಲು ತೆಗೆದು ಕೂತೆ. ಸ್ಟೇರಿಂಗೇ ಇಲ್ಲ! ಅಲ್ಲಿ ನಮ್ಮ ಊರಿನ ಹಾಗೆ ರಸ್ತೆಯ ಎಡಕ್ಕೆ ಓಡಿಸಬೇಕು, ಸ್ಟೇರಿಂಗ್ ಬಲಕ್ಕೆ. ಇಳಿದು ಸುತ್ತಿ ಬಂದು ಈ ಕಡೆ ಕೂತೆ. ತಿರುವಿಗೆ ಸಿಗ್ನಲ್ ಹಾಕಲು ಹೋದರೆ ಚುರುಗುಟ್ಟುವ ಬಿಸಿಲಿನಲ್ಲಿ ವೈಪರ್ ಓಡಾಡತೊಡಗಿತು. ಎಡಗಡೆಯ ಕನ್ನಡಿ ಒಂದು ಬೇಲಿಯ ಗಿಡಗಳನ್ನೆಲ್ಲ ಸವರಿತು. ಮೊದಲ ವೃತ್ತಕ್ಕೆ ಬಂದಾಗ ಯಾವ ಕಡೆಯಿಂದ ಸುತ್ತಬೇಕೆಂದೇ ತೋಚದೆ ನಟ್ಟನಡುವೆ ನಿಂತುಬಿಟ್ಟೆ. ಹಿಂದಿನವರು ಹಾರ್ನ್ ಹೊಡೆದರು. ವಿಭಾ ಮೆತ್ತಗೆ, ನೀನು ಇಳಿ ಅಮ್ಮ, ನಾನು ಟ್ರೈ ಮಾಡ್ತೀನಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟು ಮೆತ್ತಗೆ ಹೇಳಬಾರದಿತ್ತು.

ಅವಳು ಸ್ಟೇರಿಂಗಿಗೆ ಬಂದಳು. ನೀವು ಹಿಂದಿನಿಂದ ಮುಂದಕ್ಕೆ ಹೋದಿರಿ. ನಾನು ತನ್ವಿಯ ಪಕ್ಕಕ್ಕೆ, ಡಯಾಪರ್ ಬ್ಯಾಗಿನ ಜೊತೆಗೆ.

ನಿಮ್ಮ ಪಾಠ ನನಗೆ ಬಾಯಿಪಾಠವಾಗಿದೆ. "ನೀ ಕುಂತ ಬದಿ ರೋಡಿನ ನಡುಗೆರಿ ಇರಬೇಕು ನೋಡವ್ವ. ಅಷ್ಟ. ಬ್ಯಾರೆ ಏನೂ ನೆನಪಿಡಬ್ಯಾಡ." ಇಷ್ಟೇ! ಎಡ ಬಲ ಎಂದು ತಲೆಕೆಡಿಸಿಕೊಳ್ಳದೆ ಅವಳು ಅರ್ಧ ಗಂಟೆಯಲ್ಲಿ ಕಲಿತಳು. ತಿರುವು ಬಂದಾಗ ಮಾತ್ರ ನೀವು "ಎಡಕ್ಕ, ಎಡಕ್ಕ" ಎಂದು ಹಾಡಿನಂತೆ ಹೇಳುವುದು, ಅವಳು "ಎಡಕ್ಕ ಅವ್ವ" ಎಂದು ಮರುನುಡಿಯುವುದು, ಇಬ್ಬರೂ ನಗುವುದು. ಹಿಂದೆ ಕೂತ ನನಗೆ ಕಾಣುತ್ತಿದ್ದದ್ದು ನಿಮ್ಮಿಬ್ಬರ ತಲೆ ಮಾತ್ರ. ಹಿಮ ಹೊತ್ತ ಬೆಟ್ಟಗಳಂತೆ, ನೀಲಿ ನೀರಂತೆ! ನೀವು ತೋರಿಸಿದಾಗಲೆಲ್ಲ ಚೆನ್ನಾಗಿದೆ ಎಂದೆ. ಒಂದನ್ನೂ ನೋಡಲಿಲ್ಲ.

ಅವಳಿಗೆ ಡ್ರೈವಿಂಗ್ ಕಲಿಸಿದವಳು ನಾನು, ಅಂಬವ್ವನವರೇ. ಆಗ ಅವಳಿಗೆ ಹದಿನೈದೂವರೆ ವರ್ಷ. ಭಾನುವಾರ ಬೆಳಗ್ಗೆ ಇಲ್ಲಿನ ಕಾಲೇಜಿನ ಪಾರ್ಕಿಂಗ್ ಲಾಟು ಖಾಲಿ ಇರುತ್ತಿತ್ತು. ನಾಲ್ಕು ತಿಂಗಳು ಹಿಡಿಯಿತು, ವಾರವಾರವೂ ಜಗಳ, ವಾರವಾರವೂ ಅಳು. ಲಾಟಿನಿಂದ ರಸ್ತೆಗೆ ಬರುವಾಗ ಪ್ರತಿ ಸಲ ಹೆದರುತ್ತಿದ್ದಳು. ನಾನು ಪಕ್ಕದಲ್ಲಿ ಕೂತು "ಬಲಕ್ಕೆ ಪುಟ್ಟಿ, ಬಲಕ್ಕೆ" ಅನ್ನುತ್ತಿದ್ದೆ. ಅಷ್ಟಂದರೆ ಸಾಕು, ಕೈ ತಾನಾಗಿ ತಿರುಗುತ್ತಿತ್ತು. ನಾಲ್ಕು ತಿಂಗಳ ನನ್ನ ಗಂಟಲು ನಿಮ್ಮ ಅರ್ಧ ಗಂಟೆಯ ಮುಂದೆ ಏನೂ ಅಲ್ಲವಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ವಾಪಸು ಬರುವಾಗ ಆ ಸಣ್ಣ ಊರಿನಲ್ಲಿ ಪೆಟ್ರೋಲ್ ಹಾಕಿಸಿದೆವು. ತನ್ವಿಯ ಕೈಯಲ್ಲಿದ್ದ ಬಿಸ್ಕತ್ತು ಕೆಳಗೆ ಬಿದ್ದು ಅವಳು ಕಿರುಚಿಕೊಳ್ಳುತ್ತಿದ್ದಳು. ಪಂಪಿನಿಂದ ಹೊರಟು ಕಾರು ರಸ್ತೆಯ ಅಂಚಿಗೆ ಬಂತು. ನೀವು "ಎಡಕ್ಕ" ಎಂದಿರಿ. ಅದೇ ಹೊತ್ತಿಗೆ ಹಿಂದಿನಿಂದ ನಾನು "ಬಲಕ್ಕೆ ಪುಟ್ಟಿ, ಬಲಕ್ಕೆ" ಎಂದೆ. ಮೂವತ್ತೊಂದು ವರ್ಷದ ಅಭ್ಯಾಸ, ಬಾಯಿ ತಪ್ಪಿತು.

ಮೇಲಿನ ಸಾಲು ಸುಳ್ಳು. ಹೊಡೆದು ಹಾಕೋಣವೆಂದುಕೊಂಡೆ, ಆದರೆ ನಾನು ಎಂಥವಳೆಂದು ನಿಮಗೆ ತಿಳಿಯಲಿ ಎಂದು ಹಾಗೇ ಬಿಟ್ಟಿದ್ದೇನೆ.

ಎಡಕ್ಕೇ ಹೋಗಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ರಸ್ತೆ ಎರಡೂ ಕಡೆ ಖಾಲಿ ಇತ್ತು, ಅದನ್ನು ನೋಡಿಯೇ ಹೇಳಿದೆ. ಅವಳು ಯಾರ ಮಾತು ಕೇಳುತ್ತಾಳೆ ನೋಡಬೇಕು ಅನ್ನಿಸಿತು. ಏನು ಆಗುತ್ತದೆ, "ಅಮ್ಮ, ಇದು ಅಮೆರಿಕ ಅಲ್ಲ" ಎಂದು ನನ್ನನ್ನು ಆಡಿಕೊಂಡು ಎಡಕ್ಕೇ ಹೋಗುತ್ತಾಳೆ, ಒಮ್ಮೆ ನನ್ನ ಕಡೆ ತಿರುಗಿ ನಗುತ್ತಾಳೆ ಎಂದುಕೊಂಡೆ. ಅವಳು ನಗಲಿಲ್ಲ. ಅವಳ ಕೈ ಬಲಕ್ಕೆ ತಿರುಗಿತು, ಥೇಟ್ ಹದಿನೈದೂವರೆ ವರ್ಷದವಳ ಹಾಗೆ. ಕಾರು ರಸ್ತೆಯ ಬಲಭಾಗ ಹಿಡಿದು ಹೊರಟಿತು.

ಇದನ್ನು ನಾನು ದೇವರ ಮುಂದೆಯೂ ಹೇಳಿಕೊಂಡಿಲ್ಲ. ನೀವು ಮತ್ತೆ "ಎಡಕ್ಕವ್ವ, ಎಡಕ್ಕ!" ಎಂದು ಕೂಗಿದ್ದು, ಅವಳಿಗೆ ಏನೂ ತಿಳಿಯದೆ ಅದೇ ದಾರಿಯಲ್ಲಿ ಹೋದದ್ದು, ಆ ನಾಲ್ಕೈದು ಕ್ಷಣ ನನಗೆ ಖುಷಿಯಾಯಿತು. ನನ್ನದೇ ಮಾತು ಕೇಳಿದಳಲ್ಲ ಎಂದು ಖುಷಿಯಾಯಿತು. ಹಿಂದೆ ನನ್ನ ಪಕ್ಕದಲ್ಲಿ ಎರಡು ವರ್ಷವೂ ತುಂಬದ ಕೂಸು ಕೂತಿತ್ತು.

ಆಮೇಲೆ ತಿರುವಿನಲ್ಲಿ ಆ ಹಾಲಿನ ಟ್ಯಾಂಕರ್ ಬಂತು. ನಾನು ಕಣ್ಣು ಮುಚ್ಚಿಕೊಂಡೆ. ನೀವು ಪಕ್ಕದಿಂದ ಬಾಗಿ ಸ್ಟೇರಿಂಗ್ ಹಿಡಿದು ಎಡಕ್ಕೆ ಎಳೆದಿರಿ. ಕಾರು ಹುಲ್ಲಿಗಿಳಿದು ಬೇಲಿಯ ಕಂಬಕ್ಕೆ ಗುದ್ದಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ನಿಮ್ಮ ಮಣಿಕಟ್ಟು ಬಿಟ್ಟು. ಟ್ಯಾಂಕರಿನವನು ಇಳಿದು ಓಡಿಬಂದು ತನ್ವಿಯ ಮುಖ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡ.

ವಿಭಾ ಸ್ಟೇರಿಂಗ್ ಬಿಟ್ಟು ನಮ್ಮ ಕಡೆ ತಿರುಗಿದಳು. ಯಾರೋ ಬಲಕ್ಕೆ ಅಂದಿರಿ, ಯಾರು ಅಂದದ್ದು, ಎಂದು ಮತ್ತೆ ಮತ್ತೆ ಕೇಳಿದಳು. ಮಗುವಿನ ಕಿರುಚಾಟದಲ್ಲಿ ದನಿ ಯಾರದೆಂದು ಅವಳಿಗೆ ತಿಳಿದಿರಲಿಲ್ಲ. ನೀವು ಹಿಂದೆ ತಿರುಗಿ ನನ್ನನ್ನು ಒಂದು ಸಲ ನೋಡಿದಿರಿ. ನಾನು ತನ್ವಿಯ ಬೆಲ್ಟು ಬಿಚ್ಚತೊಡಗಿದೆ. "ನಾನ ಅಂದೆ ನೋಡವ್ವ, ಬಾಯಿ ತಪ್ಪಿತು. ವಯಸ್ಸಾತು" ಎಂದಿರಿ.

ಸಂಜೆ ನವೀನ ಟ್ಯಾಕ್ಸಿ ಮಾಡಿಕೊಂಡು ಓಡಿಬಂದ. "ಅವ್ವಾ, ನಿನಗ ನೆನಪು ಹಾರತಿದ್ರ ಸುಮ್ನ ಕುಂದ್ರಬೇಕಿಲ್ಲೋ? ಕೂಸಿಗೆ ಏನರ ಆಗಿದ್ರ?" ಎಂದು ಎಲ್ಲರೆದುರು ಬೈದ. ಕೈಗೆ ಪಟ್ಟಿ ಕಟ್ಟಿಸಿಕೊಂಡು ನೀವು ತಲೆ ಬಗ್ಗಿಸಿ ಕೂತಿದ್ದಿರಿ. ನಾನು ಆಗಲೂ ಸುಮ್ಮನಿದ್ದೆ.

ರಾತ್ರಿ ಊಟ ಬಡಿಸುವಾಗ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆನಲ್ಲ, ನಿಮ್ಮ ಉತ್ತರ ನೆನಪಿದೆಯೇ? "ನೀವು ಹಡದಾಕಿ ರೀ. ಅಕಿಗೆ ತಾಯಿ ಮ್ಯಾಲಿನ ನಂಬಿಕಿ ಹೋಗಬಾರದು. ಅತ್ತಿ ಮ್ಯಾಲ ಹೋದ್ರ ಏನು, ನಡೀತೈತಿ." ನಾನು ಕೈಮುಗಿಯಬೇಕಿತ್ತು. ಬದಲಿಗೆ ನನಗೆ ಬಂದದ್ದು ಕೋಪ. ಒಳ್ಳೆಯತನದಲ್ಲೂ ನನಗಿಂತ ಮುಂದೆ ಹೋಗಿ ಕೂತರಲ್ಲ ಈ ಹೆಂಗಸು ಎಂದುಕೊಂಡೆ.

ಇಲ್ಲಿಗೆ ವಾಪಸಾದ ಮೇಲೆ ಮಕ್ಕಳು ಮಾತಾಡಿಕೊಂಡರು. ಅವ್ವನಿಗೆ ಮರೆವು ಶುರುವಾಗಿದೆ, ತನ್ವಿಯನ್ನು ಒಂಟಿಯಾಗಿ ಅವರ ಜೊತೆ ಬಿಡುವುದು ಬೇಡ, ಊರಿಗೆ ಕಳಿಸಿ ಅಲ್ಲೇ ಡಾಕ್ಟರಿಗೆ ತೋರಿಸಬೇಕು ಎಂದು. ವಿಭಾ ಆಸ್ಪತ್ರೆಯ ಕೆಲಸಕ್ಕೆ ಹೋಗುವ ದಿನಗಳಲ್ಲಿ ತನ್ವಿ ನನ್ನ ಮನೆಗೆ ಬರುವುದೆಂದಾಯಿತು. ಮುಂಚೆ ನನಗೆ ಸಿಗುತ್ತಿದ್ದದ್ದು ಭಾನುವಾರದ ಎರಡು ಗಂಟೆ. ಈಗ ವಾರಕ್ಕೆ ನಾಲ್ಕು ದಿನ, ಬೆಳಗಿನಿಂದ ಸಂಜೆಯವರೆಗೆ. ನಾನು ಬಯಸಿದ್ದೆಲ್ಲ ಸಿಕ್ಕಿದೆ, ಅಂಬವ್ವನವರೇ. ಎರಡು ವಾರ ಚೆನ್ನಾಗಿಯೇ ಉಂಡೆ, ಚೆನ್ನಾಗಿಯೇ ನಿದ್ದೆ ಮಾಡಿದೆ. ಹಾಗಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ಇವತ್ತು ಬೆಳಗ್ಗೆ ತನ್ವಿಯನ್ನು ಬಿಡಲು ಬಂದಾಗ ವಿಭಾ ಅಡುಗೆಮನೆಯಲ್ಲಿ ನಿಂತು ಅತ್ತಳು. ನಿನ್ನೆ ನೀವು ಅವಳನ್ನು "ನನಗ ಖರೇನ ಮರೆವು ಐತೇನವ್ವ, ನಿಮಗ ಹಂಗ ಕಾಣತೈತೇನು" ಎಂದು ಕೇಳಿದಿರಂತೆ. ಹೌದು ಅನ್ನಲಾರದೆ ಇಲ್ಲ ಅನ್ನಲಾರದೆ ಅವಳು ಸ್ನಾನಕ್ಕೆ ಹೋಗಿಬಿಟ್ಟಳಂತೆ. ನನಗೆ ಅಲ್ಲಿಗೆ ಸಾಕಾಯಿತು. ಬೇಕೆಂದೇ ಹೊತ್ತುಕೊಂಡ ತಪ್ಪನ್ನು ನಾಲ್ಕು ಜನ ಹೇಳಿ ಹೇಳಿ ನೀವೇ ನಂಬುವಂತಾಗಿದೆ. ನಿಮಗೆ ಯಾವ ಮರೆವೂ ಇಲ್ಲ. ಆ ಕಾರಿನಲ್ಲಿ ಸರಿಯಾಗಿ ಹೇಳಿದವರು, ಸರಿಯಾಗಿ ಮಾಡಿದವರು ನೀವೊಬ್ಬರೇ. ನನ್ನ ಮಗಳು, ಮೊಮ್ಮಗಳು ಬದುಕಿರುವುದು ನಿಮ್ಮ ಕೈಯಿಂದ.

ಹೋಗಬೇಡಿ. ಈ ಕಾಗದವನ್ನು ನವೀನನಿಗೆ ತೋರಿಸಿ, ವಿಭಾಗೆ ನೀವೇ ಓದಿ ಹೇಳಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಹೊಟ್ಟೆಕಿಚ್ಚು ಹೋಗಿದೆ ಎಂದು ಮಾತ್ರ ತಿಳಿಯಬೇಡಿ. ಇದನ್ನು ಓದಿ ಮುಗಿಸಿದ ಮೇಲೂ ನೀವು ನನ್ನನ್ನು ಬೈಯುವುದಿಲ್ಲ ಎಂದು ಗೊತ್ತಿದೆ. ಅದಕ್ಕೂ ಈಗಿನಿಂದಲೇ ಉರಿಯುತ್ತಿದೆ.

ನಿಮ್ಮ ಬೀಗಿತ್ತಿ,
ಮೈಥಿಲಿ

ತಾಜಾ ಕಲಂ: ಸಹಿ ಹಾಕಿ ಕಾಗದ ಮಡಿಸುವಾಗ ನನ್ನ ಜಾಣತನ ನನಗೇ ಹೊಳೆಯಿತು. ವಿಭಾಗೆ ಕನ್ನಡ ಓದಲು ಬರುವುದಿಲ್ಲ. ನವೀನ ನಿಮ್ಮ ಹೆಸರಿನ ಕಾಗದ ಒಡೆಯುವವನಲ್ಲ. ನೀವಂತೂ ಇದನ್ನು ಯಾರಿಗೂ ಓದಿ ಹೇಳದೆ ಸೀರೆಯ ಮಡಿಕೆಯಲ್ಲಿಟ್ಟು ಗದಗಿಗೆ ಹೊರಟುಬಿಡುತ್ತೀರಿ. ಅಂದರೆ ಎಲ್ಲ ಒಪ್ಪಿಕೊಂಡ ಹಾಗೂ ಆಯಿತು, ತನ್ವಿ ನನ್ನ ಹತ್ತಿರವೇ ಉಳಿದ ಹಾಗೂ ಆಯಿತು. ಆದ್ದರಿಂದ ಈಗ ತಾನೇ ಫೋನಿನಲ್ಲಿ ವಿಭಾಗೆ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದು ಕಳಿಸಿದೆ. ಬಲಕ್ಕೆ ಅಂದದ್ದು ನಾನು, ಗೊತ್ತಿದ್ದೇ ಅಂದೆ, ಅವ್ವ ನನಗಾಗಿ ಸುಳ್ಳು ಹೇಳಿದರು ಎಂದು. ನಾಲ್ಕೂ ಹತ್ತಕ್ಕೆ ಅವಳು ಓದಿದ್ದಾಳೆ. ಐದೂವರೆಗೆ ಮಗುವನ್ನು ಕರೆದುಕೊಂಡು ಹೋಗಲು ಬರುತ್ತಾಳೆ. ಈ ಕಾಗದವನ್ನು ತನ್ವಿಯ ಬ್ಯಾಗಿನ ಮೇಲಿನ ಜೇಬಿನಲ್ಲಿಡುತ್ತಿದ್ದೇನೆ. ಒಳಗೆ ಅವಳ ಬಟ್ಟೆಗಳಿವೆ. ಬೇಕಾದಾಗ ಇರಲೆಂದು ನನ್ನ ಕಪಾಟಿನಲ್ಲಿ ಇಟ್ಟುಕೊಂಡಿದ್ದ ಎರಡು ಜೊತೆಯನ್ನೂ ಮಡಿಸಿ ಹಾಕಿದ್ದೇನೆ.